ಆ ಒಂದು ಪಿಲ್ಲರ್

ಬಸ್ ಹತ್ತಿದ ತಕ್ಷಣ ನಾನು ಈಗ ಕಿಟಕಿ ಸೀಟು ಹುಡುಕುವುದಿಲ್ಲ. ಕಿಟಕಿಗಳ ಮಧ್ಯೆ ನಿಂತ ಪಿಲ್ಲರ್ ಎಣಿಸುತ್ತೇನೆ. ಮೂರು ವರ್ಷದಿಂದ ಹಿಡಿದ ಹುಚ್ಚು ಇದು. ಮೆಜೆಸ್ಟಿಕ್‌ನಲ್ಲಿ ತಿಪಟೂರು ಬಸ್ಸು ಹತ್ತಿ ಕೂತರೆ ಸಾಕು, ಕಂಡಕ್ಟರ್ ನನ್ನ ಹತ್ತಿರ ಬರುವಷ್ಟರಲ್ಲಿ ಎಡಗಡೆ ಎಷ್ಟು ಕಂಬ, ಬಲಗಡೆ ಎಷ್ಟು, ಯಾವ ಕಂಬದ ನೆತ್ತಿಯಿಂದ ಚಾವಣಿಯ ಕಮಾನು ಹೊರಟು ಆ ಕಡೆಯ ಯಾವ ಕಂಬಕ್ಕೆ ಇಳಿಯುತ್ತದೆ ಅಂತ ಒಂದು ಸುತ್ತು ಲೆಕ್ಕ ಮುಗಿದಿರುತ್ತದೆ. ಪಕ್ಕದಲ್ಲಿ ಕೂತವರು ಏನಂದುಕೊಳ್ಳುತ್ತಾರೋ ಗೊತ್ತಿಲ್ಲ. ಮೊದಲೆಲ್ಲ ನನಗೆ ಬಸ್ಸು ಅಂದರೆ ಚಕ್ರದ ಮೇಲಿನ ಡಬ್ಬ. ತಗಡಿನ ಡಬ್ಬದ ಒಳಗೆ ಸೀಟು ತೆಗೆದು ಮಂಚ ಹಾಕಿದರೆ ಮನೆ ಆಯಿತು, ಅದರಲ್ಲೇನಿದೆ ಅಂದುಕೊಂಡಿದ್ದೆ.

ಇದಕ್ಕೆಲ್ಲ ಕಾರಣ ನಮ್ಮ ಭಾವ. ತಿಪಟೂರಿನ ಹತ್ತಿರ ಅವರದು ತೆಂಗಿನ ತೋಟ. ಕೊಬ್ಬರಿ ರೇಟು ಚೆನ್ನಾಗಿ ಸಿಕ್ಕಿದ ಒಂದು ವರ್ಷ, ಬೇರೆಯವರೆಲ್ಲ ಕಾರು ತಗೊಂಡರೆ ಇವರು ಹೋಗಿ ಒಂದು ಹಳೆ ಬಸ್ಸು ತಗೊಂಡು ಬಂದರು. ಲೇಲ್ಯಾಂಡ್ ವೈಕಿಂಗ್, 222 ಇಂಚು ವೀಲ್‌ಬೇಸ್, ಅಂದರೆ ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ಗೆ ಅಷ್ಟು ದೂರ. ಮೊದಲು ರೂಟಿನಲ್ಲಿ ಓಡಿ, ಆಮೇಲೆ ಯಾವುದೋ ಕಾಲೇಜಿನ ಹುಡುಗರನ್ನು ಹೊತ್ತು, ಕೊನೆಗೆ ಒಂದು ಶೆಡ್ಡಿನ ಹಿಂದೆ ಹುಲ್ಲಲ್ಲಿ ನಿಂತಿದ್ದ ಗಾಡಿ. ಅಕ್ಕನನ್ನು ಕರೆದುಕೊಂಡು ರಾಮೇಶ್ವರ, ಕಾಶಿ ಅಂತ ಸುತ್ತಬೇಕು, ಲಾಡ್ಜಿನ ಬಾತ್‌ರೂಮು ನೋಡಬಾರದು ಅನ್ನೋದು ಅವರ ಆಸೆ. ಯೂಟ್ಯೂಬಿನಲ್ಲಿ ಅಮೆರಿಕದವರು ಹಳದಿ ಸ್ಕೂಲ್ ಬಸ್ಸು ಕುಯ್ದು ಮನೆ ಮಾಡುವ ವಿಡಿಯೋಗಳನ್ನು ರಾತ್ರಿ ಎರಡು ಗಂಟೆವರೆಗೂ ನೋಡಿ ನೋಡಿ ಅವರಿಗೆ ತಲೆ ಪೂರ್ತಿ ಕೆಟ್ಟಿತ್ತು.

"ನೀನು ಸಿವಿಲ್ ಓದಿದೀಯಲ್ಲ, ಒಂದು ಪ್ಲಾನ್ ಹಾಕ್ಕೊಡು" ಅಂದರು. ಹಾಕಿಕೊಟ್ಟೆ. ಎಂಟಡಿ ಅಗಲ, ಮೂವತ್ತು ಚಿಲ್ಲರೆ ಅಡಿ ಉದ್ದದ ಸೈಟು ಅಂದುಕೊಂಡು ಹಾಲು, ಅಡುಗೆಮನೆ, ಬಾತ್‌ರೂಮು, ಹಿಂದೆ ಬೆಡ್‌ರೂಮು. ಅಕ್ಕ ಪ್ಲಾನ್ ನೋಡಿ ಕೇಳಿದ ಮೊದಲ ಪ್ರಶ್ನೆ, "ಒಲೆ ಆಗ್ನೇಯಕ್ಕೆ ಬರುತ್ತಾ?" ಓಡುವ ಮನೆಗೆ ಆಗ್ನೇಯ ಮೂಲೆ ಯಾವುದು ಅಂತ ನಾನು ತಲೆ ಕೆರೆದುಕೊಂಡೆ. ಭಾವ ಮಾತ್ರ, "ನಿಲ್ಲಿಸಿದಾಗ ನೋಡ್ಕೊಂಡ್ರಾಯ್ತು ಬಿಡು" ಅಂದರು.

ಆ ಪ್ಲಾನಿನಲ್ಲಿ ನಾನು ಬಹಳ ಹೆಮ್ಮೆಯಿಂದ ಬರೆದಿದ್ದು ಒಂದು ದೊಡ್ಡ ಕಿಟಕಿ. ಹಾಲಿಗೆ. ಎಂಟಡಿ ಅಗಲ, ಒಂದೇ ಗಾಜು, ಸೋಫಾದಲ್ಲಿ ಕೂತರೆ ಹೊರಗಿನ ಗದ್ದೆ ಬೆಟ್ಟ ಎಲ್ಲ ಸಿನಿಮಾ ಥರ ಕಾಣಬೇಕು. ಅದಕ್ಕೆ ಅಡ್ಡ ಇದ್ದದ್ದು ಒಂದೇ ಒಂದು ಪಿಲ್ಲರ್. ಬಸ್ಸಿನೊಳಗೆ ಹೋಗಿ ಆ ಪಿಲ್ಲರ್ ಮೇಲೆ ಚಾಕ್‌ಪೀಸಿನಲ್ಲಿ ದೊಡ್ಡದಾಗಿ ಒಂದು ಇಂಟು ಮಾರ್ಕ್ ಹಾಕಿ ಬಂದಿದ್ದೆ.

ನೆಲ ಬಿಚ್ಚಿದ ದಿನ

ಕೆಲಸಕ್ಕೆ ಸಿಕ್ಕಿದವರು ತುಮಕೂರಿನ ಹೊರಗೆ ಒಂದು ಶೆಡ್ಡಿನಲ್ಲಿ ಬಾಡಿ ಕೆಲಸ ಮಾಡುವ ಒಬ್ಬ ಮೇಸ್ತ್ರಿ. ಸಾರಿಗೆ ಸಂಸ್ಥೆಯ ವರ್ಕ್‌ಶಾಪಿನಲ್ಲಿ ವರ್ಷಾನುಗಟ್ಟಲೆ ದುಡಿದು ರಿಟೈರ್ ಆದವರು. ಮಾತು ಕಮ್ಮಿ. ನನ್ನ ಪ್ಲಾನನ್ನು ಕೈಯಲ್ಲಿ ಹಿಡಿದು ಒಂದು ನಿಮಿಷ ನೋಡಿ, ಮಡಚಿ, ಅಂಗಿ ಜೇಬಿನಲ್ಲಿ ಇಟ್ಟುಕೊಂಡರು. "ಮೊದ್ಲು ನೆಲ ಬಿಚ್ಚಾಣ ಸಾರ್. ಆಮೇಲೆ ಬರೀರಿ."

ಸೀಟು ಬಿಚ್ಚುವುದಕ್ಕೇ ಎರಡು ದಿನ ಹಿಡಿಯಿತು. ನಟ್ಟುಗಳೆಲ್ಲ ತುಕ್ಕು ಹಿಡಿದು ಕಲ್ಲಾಗಿದ್ದವು, ಒಂದೊಂದನ್ನೂ ಗ್ರೈಂಡರ್‌ನಲ್ಲಿ ಕುಯ್ಯಬೇಕಾಯಿತು. ಆಮೇಲೆ ಮೇಲಿನ ಅಲ್ಯೂಮಿನಿಯಂ ಶೀಟು ಎದ್ದಿತು, ಕೆಳಗೆ ಕೊಳೆತ ಪ್ಲೈವುಡ್. ಎರಡರ ಮಧ್ಯೆ ಇಪ್ಪತ್ತು ವರ್ಷದ ಕಸ. ಹೇರ್‌ಪಿನ್ನು, ಪೆನ್ಸಿಲ್ ತುಂಡು, ಕಡ್ಲೆಕಾಯಿ ಸಿಪ್ಪೆ, ಮಣ್ಣಾಗಿ ಹೋದ ಟಿಕೆಟ್ಟುಗಳು. ಒಂದು ನಾಲ್ಕಾಣೆಯೂ ಸಿಕ್ಕಿತು. 2011ರಲ್ಲೇ ಚಲಾವಣೆ ನಿಂತ ನಾಣ್ಯ. ಭಾವನಿಗೆ ಬಸ್ಸಿನ ದುಡ್ಡು ವಾಪಸ್ ಬಂದಷ್ಟೇ ಖುಷಿ, ಒರೆಸಿ ಜೇಬಿಗೆ ಹಾಕಿಕೊಂಡರು.

ಮೇಸ್ತ್ರಿ ಮಾತ್ರ ಇದ್ಯಾವುದನ್ನೂ ನೋಡದೆ ಒಂದು ಸ್ಕ್ರೂಡ್ರೈವರ್ ಹಿಡಿದುಕೊಂಡು ಪ್ರತಿ ಪಿಲ್ಲರ್‌ನ ಬುಡಕ್ಕೆ ಹೋಗಿ ಚುಚ್ಚುತ್ತಿದ್ದರು. ನಾಲ್ಕು ಕಡೆ ಟಣ್ ಅಂದಿತು. ಐದನೆಯ ಕಡೆ ಸ್ಕ್ರೂಡ್ರೈವರ್ ಮೈಸೂರು ಪಾಕಿಗೆ ಚಮಚ ಹಾಕಿದ ಹಾಗೆ ಸುಮ್ನೆ ಒಳಗೆ ಹೋಯಿತು. ಕಿಟಕಿ ಗಾಜಿನ ಚಾನೆಲ್‌ನಲ್ಲಿ ನಿಂತ ಮಳೆ ನೀರು ಪಿಲ್ಲರ್‌ನ ಒಳಗಿಂದಲೇ ಇಳಿದು ಬುಡದಲ್ಲಿ ಕೂರುತ್ತದಂತೆ. ಮೇಲಿಂದ ನೋಡಿದರೆ ಬಣ್ಣ ಹಚ್ಚಿ ನೀಟಾಗಿ ಇರುತ್ತದೆ. ಬುಡದಲ್ಲಿ ಕಬ್ಬಿಣವೇ ಇರುವುದಿಲ್ಲ. ಅಲ್ಯೂಮಿನಿಯಂ ಮತ್ತು ಕಬ್ಬಿಣ ತಾಗಿಕೊಂಡು ಮಧ್ಯೆ ನೀರು ನಿಂತರೆ ಅಲ್ಯೂಮಿನಿಯಂ ಇನ್ನೂ ಬೇಗ ಸವೆಯುತ್ತದೆ. ಇದನ್ನು ಪಾಠದಲ್ಲಿ ಓದಿದ್ದೆ, ಕಣ್ಣಾರೆ ಕಂಡದ್ದು ಅವತ್ತೇ.

ನೆಲ ಪೂರ್ತಿ ಬಿಚ್ಚಿದ ಮೇಲೆ ಬಸ್ಸಿನ ಅಸಲಿ ರೂಪ ಕಂಡಿತು. ಉದ್ದಕ್ಕೆ ಎರಡು ದಪ್ಪ ಚಾಸಿ ತೊಲೆಗಳು. ಅವುಗಳ ಮೇಲೆ ಅಡ್ಡಡ್ಡಲಾಗಿ ಕ್ರಾಸ್ ಬೇರರ್‌ಗಳು, ಏಣಿಯ ಮೆಟ್ಟಿಲು ಇಟ್ಟ ಹಾಗೆ. ಪಿಲ್ಲರ್‌ಗಳು ನಿಂತಿರುವುದು ಈ ಕ್ರಾಸ್ ಬೇರರ್‌ಗಳ ತುದಿಯಲ್ಲಿ, ಚಾಸಿಯಿಂದ ಎರಡೂವರೆ ಅಡಿ ಆಚೆಗೆ, ಬರೀ ಗಾಳಿಯಲ್ಲಿ. ಮನೆಗಾದರೆ ಪಾಯ ಮಣ್ಣಿನೊಳಗೆ ಇರುತ್ತದೆ. ಇಲ್ಲಿ ಪಾಯವೇ ತೂಗಾಡುತ್ತಿದೆ! ಅಂದರೆ ನಾನು ಪ್ಲಾನಿನಲ್ಲಿ 'ನೆಲ' ಅಂತ ಬರೆದದ್ದು ನೆಲವೇ ಅಲ್ಲ. ಬಾತ್‌ರೂಮಿನ ಪೈಪು ಇಳಿಸಲು ನಾನು ಗುರುತು ಹಾಕಿದ್ದ ಜಾಗದಲ್ಲಿ ಸರಿಯಾಗಿ ಒಂದು ಕ್ರಾಸ್ ಬೇರರ್ ಮಲಗಿತ್ತು. ಅದನ್ನು ಕುಯ್ದರೆ ಅದರ ಎರಡು ತುದಿಯಲ್ಲಿ ನಿಂತ ಎರಡು ಪಿಲ್ಲರ್‌ಗೆ ಕಾಲಿಲ್ಲ. ಬಾತ್‌ರೂಮು ಒಂಬತ್ತು ಇಂಚು ಹಿಂದಕ್ಕೆ ಸರಿಯಿತು.

ಆರು ಪಿಲ್ಲರ್‌ಗಳ ಬುಡ ಕತ್ತರಿಸಿ ಹೊಸ ಪೈಪು ಕೂರಿಸಿದರು, ಎರಡು ಕ್ರಾಸ್ ಬೇರರ್ ಪೂರ್ತಿ ಬದಲಾಯಿತು. ಎಲ್ಲ ಸಿಓಟು ವೆಲ್ಡಿಂಗ್, ಅಂದರೆ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಹಾಯಿಸಿ ಮಾಡುವ ಬೆಸುಗೆ. ಆದರೆ ಚಾಸಿಗೆ ಮಾತ್ರ ವೆಲ್ಡಿಂಗ್ ರಾಡು ತಾಗಿಸಲು ಬಿಡಲಿಲ್ಲ. ಅಲ್ಲಿ ಏನಿದ್ದರೂ ಯು ಬೋಲ್ಟು, ಬ್ರ್ಯಾಕೆಟ್ಟು, ಮಧ್ಯೆ ರಬ್ಬರ್ ಪ್ಯಾಕಿಂಗು. ತೂತು ಕೊರೆಯಲೇಬೇಕು ಅಂದರೆ ಚಾಸಿಯ ನಡು ಹೊಟ್ಟೆಯಲ್ಲಿ, ಮೇಲಿನ ಮತ್ತು ಕೆಳಗಿನ ಮಡಿಕೆಯಲ್ಲಿ ಖಂಡಿತ ಅಲ್ಲ. ಬಾಗುವ ತೊಲೆಯಲ್ಲಿ ಎಳೆತ, ಒತ್ತಡ ಜಾಸ್ತಿ ಇರುವುದು ಮೇಲೆ ಕೆಳಗೆ, ನಡುವೆ ಕಮ್ಮಿ. ಇದನ್ನು ನಾನು ಎರಡನೇ ವರ್ಷದಲ್ಲಿ ಬೋರ್ಡಿನ ಮೇಲೆ ಗ್ರಾಫ್ ಬರೆದು ಕಲಿತದ್ದು. ಮೇಸ್ತ್ರಿ ಕಲಿತದ್ದು ತೂತಿನಿಂದ ಬಿರುಕು ಬಿಟ್ಟು ಬಂದ ಚಾಸಿಗಳನ್ನು ನೋಡಿ. ಇನ್ನೊಂದು, ವೆಲ್ಡಿಂಗ್ ಶುರು ಮಾಡುವ ಮೊದಲು ಬ್ಯಾಟರಿ ವೈರು, ಆಲ್ಟರ್ನೇಟರ್ ವೈರು ಎರಡೂ ಬಿಚ್ಚಿ ಪಕ್ಕಕ್ಕೆ ಕಟ್ಟಿಡುತ್ತಿದ್ದರು. ಹುಡುಗ ಒಂದು ದಿನ ಮರೆತದ್ದಕ್ಕೆ ಬೈಗುಳ ಕೇಳಿದ್ದು ರಸ್ತೆಯವರೆಗೂ ಕೇಳಿಸಿತ್ತು.

ಬೆಂಕಿಪೊಟ್ಟಣ

ಈಗ ಆ ಇಂಟು ಮಾರ್ಕಿನ ವಿಷಯ. ಪಿಲ್ಲರ್ ಬುಡವೆಲ್ಲ ಸರಿಯಾದ ಮೇಲೆ ನಾನು, "ಮೇಸ್ತ್ರಿ, ಇದೊಂದನ್ನ ಕುಯ್ದುಬಿಡಿ. ಮೇಲೆ ಒಂದು ಲಿಂಟಲ್ ಥರ ಕೊಟ್ಟರೆ ಆಯ್ತು" ಅಂದೆ. ಮನೆಯಲ್ಲಿ ನಾವು ಮಾಡುವುದೇ ಅದು ಅಲ್ವಾ. ಗೋಡೆ ಒಡೆದು ಕಿಟಕಿ ದೊಡ್ಡದು ಮಾಡಬೇಕಾದರೆ ಮೇಲೆ ಒಂದು ಬೀಮ್ ಕೊಟ್ಟು ಭಾರವನ್ನು ಪಕ್ಕಕ್ಕೆ ದಾಟಿಸುತ್ತೇವೆ. ಬಸ್ಸಿನ ಚಾವಣಿ ಎಷ್ಟು ಭಾರ ಇದ್ದೀತು? ತಗಡು. ನನ್ನ ಲೆಕ್ಕದಲ್ಲಿ ಒಂದು ಸಣ್ಣ ಬಾಕ್ಸ್ ಪೈಪು ಧಾರಾಳವಾಗಿ ಸಾಕಾಗಿತ್ತು.

ಮೇಸ್ತ್ರಿ ಜೇಬಿನಿಂದ ಬೆಂಕಿಪೊಟ್ಟಣ ತೆಗೆದರು. ಬೀಡಿ ಹಚ್ಚುತ್ತಾರೆ ಅಂದುಕೊಂಡೆ. ಒಳಗಿನ ಡ್ರಾಯರ್ ಹೊರಗೆ ಎಳೆದು ಭಾವನ ಕೈಗೆ ಕೊಟ್ಟು, ಬರೀ ಹೊರಗಿನ ಖಾಲಿ ಕವರನ್ನು ಅಂಗೈ ಮೇಲೆ ನಿಲ್ಲಿಸಿದರು. ಮೇಲಿಂದ ಬೆರಳಲ್ಲಿ ನೆಟ್ಟಗೆ ಒತ್ತಿದರು, ಗಟ್ಟಿಯಾಗಿತ್ತು. ಆಮೇಲೆ ಪಕ್ಕದಿಂದ ಸುಮ್ನೆ ಒಂದು ಸಲ ತಳ್ಳಿದರು. ಚಪ್ಪಟೆ ಮಲಗಿಬಿಟ್ಟಿತು.

"ಮನೆ ನಿಂತಿರುತ್ತೆ ಸಾರ್. ಇದು ಓಡುತ್ತೆ. ಭಾರ ಮೇಲಿಂದ ಬರಲ್ಲ, ಪಕ್ಕದಿಂದ ಬರುತ್ತೆ."

ಇಷ್ಟೇ ಅವರು ಹೇಳಿದ್ದು. ನನ್ನ ತಪ್ಪು ಎಲ್ಲಿ ಅಂತ ಗೊತ್ತಾಗಲು ಇನ್ನು ವಿವರಣೆ ಬೇಕಿರಲಿಲ್ಲ. ನಾನು ಪಿಲ್ಲರನ್ನು ಚಾವಣಿ ಹೊರುವ ಕಂಬ ಅಂದುಕೊಂಡಿದ್ದೆ. ಅದು ಕಂಬ ಅಲ್ಲ, ಪಕ್ಕೆಲುಬು. ಈ ಕಡೆಯ ಪಿಲ್ಲರ್, ಮೇಲಿನ ಕಮಾನು, ಆ ಕಡೆಯ ಪಿಲ್ಲರ್, ಕೆಳಗಿನ ಕ್ರಾಸ್ ಬೇರರ್, ನಾಲ್ಕೂ ಸೇರಿ ಒಂದು ಬಳೆ. ಬಸ್ಸು ಅಂದರೆ ಇಂಥ ಏಳೆಂಟು ಬಳೆಗಳನ್ನು ಸಾಲಾಗಿ ನಿಲ್ಲಿಸಿ ತಗಡು ಸುತ್ತಿದ್ದು. ಒಂದು ಪಿಲ್ಲರ್ ಕುಯ್ದರೆ ಹೋಗುವುದು ಒಂದು ಪಿಲ್ಲರ್ ಅಲ್ಲ, ಒಂದು ಇಡೀ ಬಳೆ. ಗಾಡಿ ಪಲ್ಟಿ ಹೊಡೆದಾಗ ಚಾವಣಿ ಒಳಗಿನವರ ತಲೆ ಮೇಲೆ ಬರದಂತೆ ತಡೆಯುವುದು ಈ ಬಳೆಗಳೇ. ನಮ್ಮಲ್ಲಿ ಎಐಎಸ್-031 ಅಂತ ಒಂದು ಮಾನದಂಡ ಇದೆ. ಅದರ ಪರೀಕ್ಷೆಯಲ್ಲಿ ಬಸ್ಸನ್ನು 800 ಮಿಲಿಮೀಟರ್ ಎತ್ತರದ ಕಟ್ಟೆಯ ಅಂಚಿನಿಂದ ನಿಧಾನವಾಗಿ ಪಕ್ಕಕ್ಕೆ ಉರುಳಿಸುತ್ತಾರೆ. ಬಿದ್ದ ಮೇಲೆ ಒಳಗೆ ಜನ ಕೂರುವಷ್ಟು ಜಾಗ ನಜ್ಜುಗುಜ್ಜಾಗದೆ ಉಳಿದಿರಬೇಕು. ಅದನ್ನು ಓದಿದ ಮೇಲೆ ನನ್ನ ಸಿನಿಮಾ ಕಿಟಕಿಯ ಕಡೆ ನೋಡಲು ನನಗೇ ಸ್ವಲ್ಪ ನಾಚಿಕೆಯಾಯಿತು.

ಕುಯ್ಯಲು ಸಾಧ್ಯವೇ ಇಲ್ಲ ಅಂತಲ್ಲ. ದಾರಿ ಇದೆ. ಅಕ್ಕಪಕ್ಕದ ಎರಡು ಪಿಲ್ಲರ್‌ಗಳನ್ನು ಡಬಲ್ ಮಾಡಬೇಕು, ಕಿಟಕಿಯ ಮೇಲೆ ಉದ್ದಕ್ಕೂ ದಪ್ಪ ಪೈಪು ಓಡಿಸಬೇಕು, ಕಿಟಕಿಯ ಕೆಳಗೆ ಓರೆ ಕೊಡಬೇಕು, ಮೂಲೆ ಮೂಲೆಗೆ ಗಸೆಟ್ ಅನ್ನುವ ತ್ರಿಕೋನದ ಪಟ್ಟಿ ಬಡಿಯಬೇಕು. ಲೆಕ್ಕ ಹಾಕಿ ನೋಡಿದೆ. ಇಷ್ಟೆಲ್ಲ ಮಾಡಿದ ಮೇಲೆ ಕಿಟಕಿ ಎಂಟಡಿಯಿಂದ ಆರೂಮುಕ್ಕಾಲಡಿಗೆ ಬರುತ್ತಿತ್ತು, ಎತ್ತರವೂ ನಾಲ್ಕಿಂಚು ಕಮ್ಮಿ. ಅದರ ಬದಲು ಪಿಲ್ಲರ್ ಹಾಗೇ ಬಿಟ್ಟು ಎರಡು ಕಡೆ ಎರಡು ಗಾಜು ಹಾಕಿದರೆ ಕಾಣುವ ಗದ್ದೆ ಬೆಟ್ಟವೇ ಜಾಸ್ತಿ!

ಕಿಟಕಿ ಮುಚ್ಚುವುದಕ್ಕೆ ಮಾತ್ರ ಮೇಸ್ತ್ರಿ ತಕರಾರು ಮಾಡಲಿಲ್ಲ, ಉತ್ಸಾಹ ತೋರಿಸಿದರು. ಅಡುಗೆಮನೆ ಮತ್ತು ಬಾತ್‌ರೂಮಿನ ಕಡೆಯ ಮೂರು ಕಿಟಕಿ ತೆಗೆದು, ಫ್ರೇಮ್ ಕೊಟ್ಟು, ತಗಡು ಹಾಕಿ ಮುಚ್ಚಿದೆವು. ಹಾಗೆ ಮುಚ್ಚಿದ ಜಾಗ ಬರೀ ಗೋಡೆಯಲ್ಲ. ನಾಲ್ಕು ಕಡೆಯೂ ಬಿಗಿಯಾಗಿ ಹೊಡೆದ ತಗಡು ಚೌಕಟ್ಟು ಓರೆಯಾಗದಂತೆ ಹಿಡಿಯುತ್ತದೆ, ಬೆಂಕಿಪೊಟ್ಟಣಕ್ಕೆ ಒಳಗಿನ ಡ್ರಾಯರ್ ವಾಪಸ್ ಹಾಕಿದ ಹಾಗೆ. ಆದರೆ ಹೊಡೆಯುವುದು ಸರಿಯಾಗಿ ಹೊಡೆಯಬೇಕು. ಭಾವ ಅಂಗಡಿಯಿಂದ ಒಂದೇ ಕಡೆಯಿಂದ ಹೊಡೆಯುವ ಪಾಪ್ ರಿವೆಟ್ ಒಂದು ಡಬ್ಬಿ ತಂದಿದ್ದರು. ಮೇಸ್ತ್ರಿ ಅದನ್ನು ನೋಡಿ, "ಇದು ನಂಬರ್ ಪ್ಲೇಟ್‌ಗೆ ಯಜಮಾನ್ರೆ" ಅಂದು ಪಕ್ಕಕ್ಕಿಟ್ಟು, ಒಳಗೊಬ್ಬ ಹೊರಗೊಬ್ಬ ನಿಂತು ಬಡಿಯುವ ಗಟ್ಟಿ ರಿವೆಟ್ಟೇ ಹಾಕಿಸಿದರು. ಇಡೀ ವಾರ ಆ ಸದ್ದು ನನ್ನ ಕಿವಿಯಲ್ಲಿತ್ತು.

ಚಾವಣಿ ಎತ್ತರಿಸುವ ಮಾತೂ ಬಂತು. ಭಾವ ಆರಡಿ ಆಳು, ತಲೆ ಕಮಾನಿಗೆ ತಾಗುತ್ತದೆ. ಅಮೆರಿಕದ ವಿಡಿಯೋಗಳಲ್ಲಿ ಕಿಟಕಿ ಮಟ್ಟದಲ್ಲಿ ಎಲ್ಲ ಪಕ್ಕೆಲುಬುಗಳನ್ನೂ ಸಾಲಾಗಿ ಕುಯ್ದು, ಜಾಕ್ ಕೊಟ್ಟು ಇಡೀ ಚಾವಣಿಯನ್ನು ಒಂದಡಿ ಒಂದೂವರೆ ಅಡಿ ಮೇಲಕ್ಕೆತ್ತಿ, ಮಧ್ಯೆ ಹೊಸ ಕಬ್ಬಿಣ ಕೂಡಿಸುತ್ತಾರೆ. ನೋಡಲು ಮಜಾ. ಆದರೆ ಆ ಹಳದಿ ಬಸ್ಸಿನ ಕಥೆ ಬೇರೆ. ಅಲ್ಲಿ 1977ರಿಂದ ಸ್ಕೂಲ್ ಬಸ್ಸಿಗೆ ಒಂದು ಕಟ್ಟುನಿಟ್ಟು ಇದೆ. ಬಸ್ಸಿನ ತೂಕದ ಒಂದೂವರೆ ಪಟ್ಟು ಭಾರವನ್ನು ಚಾವಣಿ ಮೇಲೆ ಹೇರಿದರೂ ಅದು 130 ಮಿಲಿಮೀಟರ್‌ಗಿಂತ ಹೆಚ್ಚು ಕುಗ್ಗಬಾರದು. ಮಕ್ಕಳ ತಲೆ ಕಾಯಲು ಮಾಡಿದ ಆ ಗಟ್ಟಿತನದ ಮೇಲೆ ಇವರು ಮನೆ ಕಟ್ಟುತ್ತಿದ್ದಾರೆ. ಅಷ್ಟಾದರೂ ಜೋಡಿಸಿದ ಕಡೆ ಒಳಗೊಂದು ಚಾನೆಲ್ ತೂರಿಸಿ ಕೂಡಿಸದೆ ಬರೀ ತುದಿಗೆ ತುದಿ ವೆಲ್ಡ್ ಮಾಡಿದರೆ ಆ ಗಟ್ಟಿತನವೂ ಹೋಯಿತು. ನಮ್ಮ ಬಸ್ಸಿನ ಬಾಡಿ ಕಟ್ಟಿದವರು ಯಾರೋ, ಯಾವ ಅಳತೆಯ ಪೈಪು ಹಾಕಿದ್ದರೋ, ಬುಡ ಮೈಸೂರು ಪಾಕಾಗಿದ್ದನ್ನು ಆಗಲೇ ನೋಡಿದ್ದೆವು. ಚಾವಣಿ ಇದ್ದಲ್ಲೇ ಇರಲಿ ಅಂತಾಯಿತು. ನಡುವಿನ ದಾರಿಯ ಮೇಲೆ ಮಾತ್ರ ಫಾಲ್ಸ್ ಸೀಲಿಂಗ್ ಹಾಕಲಿಲ್ಲ, ಅದರಿಂದ ಎರಡು ಇಂಚು ಉಳಿಯಿತು. ಭಾವ ಈಗಲೂ ಸ್ವಲ್ಪ ತಲೆ ಬಗ್ಗಿಸಿಯೇ ಓಡಾಡುತ್ತಾರೆ. ದೇವಸ್ಥಾನಕ್ಕೆ ಹೋಗಿ ಅಭ್ಯಾಸ ಇದೆ ಅನ್ನುತ್ತಾರೆ.

ಗಾಳಿ ಹೋಗಲು ಫ್ಯಾನ್ ಹಾಕುವ ತೂತು 14 ಇಂಚು ಚೌಕ. ಎರಡು ಕಮಾನಿನ ಮಧ್ಯೆ ಸಲೀಸಾಗಿ ಕೂತಿತು. ಯಾರೋ ಪುಣ್ಯಾತ್ಮರು ಆ ಅಳತೆ ಯೋಚಿಸಿಯೇ ಇಟ್ಟಿರಬೇಕು.

ಎಮರ್ಜೆನ್ಸಿ ಬಾಗಿಲಿನ ಮುಂದೆ ನಾನು ಬಟ್ಟೆಯ ಬೀರು ಬರೆದಿದ್ದೆ. ಆ ವಿಷಯ ಜಾಸ್ತಿ ಚರ್ಚೆಯಾಗಲಿಲ್ಲ. ಮೇಸ್ತ್ರಿ "ಪಾಲೆಂ ನೆನಪಿದೆಯಾ ಸಾರ್" ಅಂದರು. 2013ರ ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಬಸ್ಸು ಅಲ್ಲಿ ಹೊತ್ತಿಕೊಂಡು 45 ಜನ ಸತ್ತದ್ದು. ಬೀರು ಬೇರೆ ಕಡೆ ಹೋಯಿತು.

ಗಾಜು ಸಿಕ್ಕಿಹಾಕಿಕೊಂಡದ್ದು

ನನಗೆ ಎಲ್ಲಕ್ಕಿಂತ ಜಾಸ್ತಿ ಬುದ್ಧಿ ಬಂದದ್ದು ಇನ್ನೊಂದು ದಿನ. ಒಳಗಿನ ಮರದ ಕೆಲಸಕ್ಕೆ ನಾನು ಬೆಂಗಳೂರಿನಿಂದ ಮಾಡ್ಯುಲರ್ ಕಿಚನ್ ಮಾಡುವ ಹುಡುಗರನ್ನು ಕರೆತಂದಿದ್ದೆ. ಅವರು ಅಚ್ಚುಕಟ್ಟಾಗಿ ಒಂದು ಉದ್ದನೆಯ ಬೀರು ಮಾಡಿ, ನೆಲಕ್ಕೆ, ಗೋಡೆಗೆ, ಚಾವಣಿಗೆ ಮೂರು ಕಡೆಯೂ ಸ್ಕ್ರೂ ಹೊಡೆದು ನಿಲ್ಲಿಸಿದರು. ಅಲ್ಲಾಡಿಸಿದರೆ ಅಲ್ಲಾಡಲಿಲ್ಲ. ನನಗೆ ಬಹಳ ಸಮಾಧಾನ. ಮೇಸ್ತ್ರಿ ಬಂದು ನೋಡಿ ಏನೂ ಹೇಳದೆ ಹುಡುಗನಿಗೆ ಜಾಕ್ ತರಲು ಹೇಳಿದರು.

ಮುಂದಿನ ಎಡಗಡೆ ಚಕ್ರಕ್ಕೆ ಜಾಕ್ ಕೊಟ್ಟು ಎತ್ತಿ, ಕೆಳಗೆ ಅರ್ಧ ಅಡಿ ಎತ್ತರಕ್ಕೆ ಹಲಗೆ ಪೇರಿಸಿ ಇಳಿಸಿದರು. ನಮ್ಮೂರ ರಸ್ತೆಯಲ್ಲಿ ಒಂದು ಚಕ್ರ ಹಂಪ್ ಏರಿ ಇನ್ನೊಂದು ಗುಂಡಿಗೆ ಇಳಿದ ಹಾಗೆ, ಅಷ್ಟೇ. "ಆ ಕಿಟಕಿ ಗಾಜು ಸರ್ಸಿ ಸಾರ್" ಅಂದರು. ಸರಿಸಲು ಹೋದೆ. ಹತ್ತು ನಿಮಿಷದ ಹಿಂದೆ ಬೆರಳಲ್ಲಿ ಓಡುತ್ತಿದ್ದ ಗಾಜು ಅರ್ಧಕ್ಕೆ ಹೋಗಿ ಕಚ್ಚಿಕೊಂಡಿತು. ಟೇಪು ಹಿಡಿದು ಕಿಟಕಿಯ ಮೂಲೆಯಿಂದ ಮೂಲೆಗೆ ಅಳೆದೆ. ಒಂದು ಓರೆಗೆ ಇನ್ನೊಂದಕ್ಕಿಂತ ಆರು ಮಿಲಿಮೀಟರ್ ಜಾಸ್ತಿ. ಚೌಕವಾಗಿದ್ದ ಕಿಟಕಿ ಚೌಕವಾಗಿ ಉಳಿದಿರಲಿಲ್ಲ. ನಾನು ಟೇಪು ಹಿಡಿದುಕೊಂಡು ನಿಂತಿರುವಾಗಲೇ ಹಿಂದಿನಿಂದ ಬೀರು ಒಂದು ಸಲ ಕಿರ್ ಅಂದು, ಅದರ ಮೇಲಿನ ಮೂಲೆಯ ಜಾಯಿಂಟು ಬಾಯಿ ಬಿಟ್ಟಿತು.

ಬಸ್ಸಿನ ಚಾಸಿ ತಿರುಚಲೆಂದೇ ಮಾಡಿದ್ದು. ಏಣಿಯನ್ನು ಎರಡು ಕೈಯಲ್ಲಿ ಹಿಡಿದು ತಿರುಚಿದರೆ ತಿರುಚುತ್ತದಲ್ಲ, ಹಾಗೆ. ತಿರುಚದಿದ್ದರೆ ಒಂದು ಚಕ್ರ ನೆಲ ಬಿಟ್ಟು ಗಾಳಿಯಲ್ಲಿ ನಿಲ್ಲುತ್ತದೆ, ಇಲ್ಲವೇ ಎಲ್ಲೋ ಬಿರುಕು ಬಿಡುತ್ತದೆ. ಅದರ ಮೇಲಿನ ಬಾಡಿ ಅಷ್ಟು ತಿರುಚಬಾರದು, ಆದರೂ ಸ್ವಲ್ಪ ತಿರುಚಲೇಬೇಕು. ನಾವು ಮನೆ ಕಟ್ಟುವವರು ಬಿರುಕು ಬಿಡಬಾರದು ಅಂತ ಗಟ್ಟಿ ಮಾಡುತ್ತಾ ಹೋಗುತ್ತೇವೆ. ಬಸ್ಸು ಕಟ್ಟುವವರು ಬಿರುಕು ಬಿಡಬಾರದು ಅಂತ ಎಲ್ಲಿ ಬಿಗಿ, ಎಲ್ಲಿ ಸಡಿಲ ಅಂತ ನೋಡುತ್ತಾರೆ. ನನ್ನ ಬೀರು ನೆಲ, ಗೋಡೆ, ಚಾವಣಿ ಮೂರನ್ನೂ ಒಟ್ಟಿಗೆ ಹಿಡಿದು ನಿಂತಿತ್ತು. ಬಸ್ಸು ತಿರುಚಿತು, ಬೀರು ಒಪ್ಪಲಿಲ್ಲ.

ಎಲ್ಲ ಸ್ಕ್ರೂ ಬಿಚ್ಚಿ ಮತ್ತೆ ಮಾಡಿದೆವು. ನೆಲಕ್ಕೆ ಗಟ್ಟಿಯಾಗಿ ಬೋಲ್ಟು, ಅದೂ ಪ್ಲೈವುಡ್ಡಿಗಲ್ಲ, ಕೆಳಗಿನ ಕ್ರಾಸ್ ಬೇರರ್‌ಗೆ. ಬ್ರೇಕ್ ಹೊಡೆದಾಗ ಬೀರು ಹಾರಿ ಡ್ರೈವರ್ ಬೆನ್ನಿಗೆ ಬರಬಾರದಲ್ಲ. ಗೋಡೆಗೆ ಸ್ವಲ್ಪ ಆಡಲು ಬಿಡುವ ರಬ್ಬರ್ ಬುಷ್. ಚಾವಣಿಗೆ ಏನೂ ಇಲ್ಲ, ಅರ್ಧ ಇಂಚು ಗ್ಯಾಪು. ಕಿಚನ್ ಹುಡುಗರಿಗೆ ಆ ಗ್ಯಾಪು ಬಿಡಲು ಮನಸ್ಸೇ ಬರುತ್ತಿರಲಿಲ್ಲ. ಕಸ ಕೂರುತ್ತದೆ ಸಾರ್ ಅನ್ನುತ್ತಿದ್ದರು. ನಿಜ, ಕಸ ಕೂರುತ್ತದೆ.

ಕಡಪ ಕಲ್ಲು ಬೇಡ, ಗ್ರಾನೈಟ್ ಬೇಕು

ಅಕ್ಕನಿಗೆ ಅಡುಗೆ ಕಟ್ಟೆಗೆ ಗ್ರಾನೈಟ್ ಬೇಕಿತ್ತು. ಮನೆ ಅಂದಮೇಲೆ ಗ್ರಾನೈಟ್ ಇಲ್ಲದೆ ಹೇಗೆ? 20 ಮಿಲಿಮೀಟರ್ ದಪ್ಪದ ಗ್ರಾನೈಟ್ ಚದರಡಿಗೆ ಹತ್ತಿರ ಹತ್ತಿರ ಐದು ಕೆಜಿ. ಎಂಟಡಿ ಉದ್ದ ಎರಡಡಿ ಅಗಲದ ಕಟ್ಟೆಗೆ 80 ಕೆಜಿ. ಒಬ್ಬ ದಪ್ಪ ಪ್ಯಾಸೆಂಜರ್, ಬಿಡು ಅಂದರು ಭಾವ. ಒಟ್ಟು ಭಾರದ ಲೆಕ್ಕದಲ್ಲಿ ಅವರು ಹೇಳಿದ್ದು ಸರಿಯೇ. ಐವತ್ತು ಜನ ತಲಾ 65 ಕೆಜಿ ಅಂದರೂ ಮೂರೂಕಾಲು ಟನ್ ಆಯಿತು, ಅದನ್ನು ಹೊತ್ತ ಗಾಡಿಗೆ ನಮ್ಮ ಸಾಮಾನು ಯಾವ ಲೆಕ್ಕ. ಖಾಲಿ ಬಸ್ಸು ಕುಣಿಯುತ್ತದೆ, ಸ್ಪ್ರಿಂಗ್ ಪ್ಲೇಟುಗಳಿಗೆ ಸ್ವಲ್ಪ ಭಾರ ಬಿದ್ದರೇ ಒಳ್ಳೆಯದು.

ತೊಂದರೆ ಇರುವುದು ಎಷ್ಟು ಅನ್ನುವುದರಲ್ಲಲ್ಲ, ಎಲ್ಲಿ ಅನ್ನುವುದರಲ್ಲಿ. ಪ್ಯಾಸೆಂಜರ್‌ಗಳು ಬಸ್ಸಿನ ತುಂಬ ಹರಡಿ ಕೂರುತ್ತಾರೆ. ಮನೆ ಸಾಮಾನು ಹಾಗಲ್ಲ. ಗ್ರಾನೈಟು, ಫ್ರಿಜ್ಜು, ಸಿಲಿಂಡರ್ ಎಲ್ಲ ಒಂದೇ ಕಡೆಯ ಗೋಡೆಗೆ. ನೀರಿನ ಟ್ಯಾಂಕು, ತಲಾ 50 ಕೆಜಿಗೂ ಮೇಲಿನ ಎರಡು ಇನ್ವರ್ಟರ್ ಬ್ಯಾಟರಿ ಎಲ್ಲ ಮಂಚದ ಕೆಳಗೆ, ಬಸ್ಸಿನ ಬಾಲದಲ್ಲಿ. ನನ್ನ ಪ್ಲಾನಿನಲ್ಲಿ ನೀರಿನ ಟ್ಯಾಂಕು ಇದ್ದದ್ದು ಹಿಂದಿನ ಆಕ್ಸಲ್‌ನಿಂದ ಎರಡೂವರೆ ಮೀಟರ್ ಹಿಂದೆ. 300 ಲೀಟರ್ ಅಂದರೆ 300 ಕೆಜಿ. ಏತದ ಲೆಕ್ಕ ಹಾಕಿ ನೋಡಿ, ಮಕ್ಕಳ ಸೀಸಾ ಹಲಗೆಯಂತೆ. ವೀಲ್‌ಬೇಸ್ 5.64 ಮೀಟರ್. ಹಿಂದಿನ ಆಕ್ಸಲ್ ಮೇಲೆ ಬೀಳುವುದು 300 ಅಲ್ಲ, ಸುಮಾರು 430 ಕೆಜಿ. ಆ ಹೆಚ್ಚುವರಿ 130 ಕೆಜಿ ಬಂದದ್ದು ಎಲ್ಲಿಂದ? ಮುಂದಿನ ಆಕ್ಸಲ್‌ನಿಂದ ಎತ್ತಿದ್ದು. ಮುಂದೆ ಹಗುರಾದಷ್ಟೂ ಸ್ಟೇರಿಂಗ್ ಹಿಡಿತ ಕಮ್ಮಿ. ಘಾಟಿಯಲ್ಲಿ, ಮಳೆಯಲ್ಲಿ ಅದು ಏನು ಮಾಡುತ್ತದೆ ಅಂತ ಡ್ರೈವರ್‌ಗಳನ್ನು ಕೇಳಬೇಕು.

ಟ್ಯಾಂಕನ್ನು ಎರಡು ಆಕ್ಸಲ್‌ಗಳ ಮಧ್ಯೆ, ನೆಲದ ಕೆಳಗೆ, ಕ್ರಾಸ್ ಬೇರರ್‌ಗಳಿಂದ ತೂಗುಹಾಕಿದೆವು. ಬ್ಯಾಟರಿ ಅಡುಗೆ ಕಟ್ಟೆಯ ಎದುರು ಗೋಡೆಗೆ ಬಂತು. ಗ್ರಾನೈಟ್ ಹಾಕಲೇ ಇಲ್ಲ. ಭಾರಕ್ಕಲ್ಲ, ತಿರುಚಿದಾಗ ಬಿರಿಯುತ್ತದೆ ಅಂತ. ಅಕ್ಕ ಆ ಗಾಜು ಕಚ್ಚಿಕೊಂಡದ್ದನ್ನು ನೋಡಿದ್ದರಿಂದ ಸ್ಟೀಲ್ ಶೀಟಿಗೆ ಒಪ್ಪಿದಳು.

ಸೋಲಾರ್ ಪ್ಯಾನೆಲ್ ಚಾವಣಿ ಮೇಲೆ. ಹಳೆ ಬಸ್ಸುಗಳ ಟಾಪಿನ ಮೇಲೆ ತೆಂಗಿನಕಾಯಿ ಮೂಟೆ, ಸೈಕಲ್ಲು, ಕುರಿ ಎಲ್ಲ ಹೋಗುತ್ತಿತ್ತಲ್ಲ, ಆ ಕ್ಯಾರಿಯರ್‌ನ ಕಾಲುಗಳು ಕಮಾನಿನ ಮೇಲೇ ಇರುತ್ತಿದ್ದವು, ತಗಡಿನ ಮೇಲಲ್ಲ. ಪ್ಯಾನೆಲ್ಲಿನ ಕಾಲೂ ಅಲ್ಲೇ ಬಂತು.

ಕಾಗದ

ಇಷ್ಟೆಲ್ಲ ಆದಮೇಲೆ ಆರ್‌ಟಿಓ. ಈ ಭಾಗ ಮೊದಲೇ ನೋಡಿಕೊಳ್ಳಬೇಕಿತ್ತು. ನೋಡಿಕೊಳ್ಳಲಿಲ್ಲ, ನಮ್ಮ ದಡ್ಡತನ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿಯೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ನಾವು ಮಾಡಿದ ಬದಲಾವಣೆಗಳನ್ನು ಭಾವ ಬೆರಳಲ್ಲಿ ಎಣಿಸಲು ಶುರು ಮಾಡಿ ಹದಿನಾಲ್ಕಕ್ಕೆ ನಿಲ್ಲಿಸಿದರು. ಕ್ಯಾರವಾನ್ ಮಾಡಲೇಬಾರದು ಅಂತಲ್ಲ. ಅದಕ್ಕೆಂದೇ ಎಐಎಸ್-124 ಅನ್ನುವ ಮಾನದಂಡ ಇದೆ. ಪುಣೆಯ ಎಆರ್‌ಎಐ ಥರದ ಪರೀಕ್ಷಾ ಸಂಸ್ಥೆಯಿಂದ ಒಪ್ಪಿಗೆ ತರಬೇಕು. ಅದು ಗಾಡಿ ಮಾಡಿ ಮಾರುವ ಕಂಪನಿಗಳಿಗೆ ಸರಿ. ಕೊಬ್ಬರಿ ದುಡ್ಡಲ್ಲಿ ಒಂದೇ ಒಂದು ಹಳೆ ಬಸ್ಸು ಮಾಡಿಕೊಂಡವರಿಗೆ ಆಗುವ ಮಾತಲ್ಲ.

ಭಾವ ಒಂದು ವಾರ ಸರ್ಕಾರವನ್ನು ಬೈದರು. ನಾನೂ ಜೊತೆಗೆ ಬೈದೆ. ಆದರೆ ಒಳಗೊಳಗೆ ಅನಿಸುತ್ತಿದ್ದದ್ದು ಬೇರೆ. ಮೇಸ್ತ್ರಿ ಸಿಗದೇ ಇದ್ದಿದ್ದರೆ? ನನ್ನಂಥ ಒಬ್ಬ ಸಿವಿಲ್ ಇಂಜಿನಿಯರ್ ಮತ್ತು ಒಂದು ಕಟಿಂಗ್ ಮೆಷಿನ್ ಇಷ್ಟೇ ಇದ್ದಿದ್ದರೆ? ಆ ಪಿಲ್ಲರ್ ಹೋಗಿರುತ್ತಿತ್ತು, ಕ್ರಾಸ್ ಬೇರರ್ ಹೋಗಿರುತ್ತಿತ್ತು, ಮೇಲೆ ಚಂದದ ಲ್ಯಾಮಿನೇಟ್ ಅಂಟಿಸಿ ಕಾಶಿಗೆ ಹೊರಟಿರುತ್ತಿದ್ದೆವು. ಹೊರಗಿನಿಂದ ನೋಡಿದ ಯಾವ ಇನ್‌ಸ್ಪೆಕ್ಟರ್‌ಗೂ ಗೊತ್ತಾಗುತ್ತಿರಲಿಲ್ಲ. ಆರ್‌ಟಿಓದವರು ಒಪ್ಪದೇ ಇದ್ದದ್ದು ನನಗೆ ಈಗಲೂ ಕಿರಿಕಿರಿ ಅನಿಸುತ್ತದೆ, ಆದರೆ ಅನ್ಯಾಯ ಅಂತ ಅನಿಸುವುದಿಲ್ಲ.

ಹಾಲು ಉಕ್ಕಿಸಿದ್ದು

2020ರಲ್ಲಿ ಮೆಜೆಸ್ಟಿಕ್‌ನಲ್ಲಿ ಕೆಎಸ್‌ಆರ್‌ಟಿಸಿಯವರು ಒಂದು ಹಳೆ ಬಸ್ಸನ್ನು ಹೆಂಗಸರ ಶೌಚಾಲಯ ಮಾಡಿ ನಿಲ್ಲಿಸಿದ್ದು ನಿಮಗೆ ನೆನಪಿರಬಹುದು, 'ಸ್ತ್ರೀ ಟಾಯ್ಲೆಟ್' ಅಂತ. ಅಕ್ಕನಿಗೆ ಅದು ನೆನಪಿತ್ತು. "ನಿಂತಿರೋ ಬಸ್ಸಿಗೆ ಯಾರು ಕೇಸ್ ಹಾಕ್ತಾರೆ? ತೋಟದಲ್ಲಿ ನಿಲ್ಸಿ" ಅಂದಳು. ಆರ್‌ಸಿ ರದ್ದು ಮಾಡಿಸಿ, ಲೋಬೆಡ್ ಲಾರಿಯ ಮೇಲೆ ಬಸ್ಸನ್ನು ತೋಟಕ್ಕೆ ತಂದೆವು. ಮೊದಲು ತೆಂಗಿನ ಮರದ ನೆರಳಲ್ಲಿ ನಿಲ್ಲಿಸಿ, ಎರಡನೇ ದಿನವೇ ಒಂದು ಕಾಯಿ ಬಿದ್ದು ಚಾವಣಿಯಲ್ಲಿ ಬೋಗುಣಿಯಷ್ಟು ತಗ್ಗಾಗಿ, ಹೊಂಗೆ ಮರದ ಕೆಳಗೆ ಸರಿಸಿದೆವು. ಟೈರು ಕೊಳೆಯದಿರಲಿ ಅಂತ ಆಕ್ಸಲ್‌ಗಳ ಕೆಳಗೆ ಕಾಂಕ್ರೀಟ್ ಬ್ಲಾಕ್ ಕೊಟ್ಟೆವು. ಇದೊಂದು ಕೆಲಸದಲ್ಲಿ ಮಾತ್ರ ನನ್ನ ಸಿವಿಲ್ ಪೂರ್ತಿ ಉಪಯೋಗಕ್ಕೆ ಬಂತು. ನಿಲ್ಲಿಸುವ ಮುಂಚೆ ಭಾವ ದಿಕ್ಸೂಚಿ ಇಟ್ಟು ನೋಡಿ ಗಾಡಿಯನ್ನು ಅರ್ಧ ಸುತ್ತು ತಿರುಗಿಸಿದರು. ಒಲೆ ಸರಿಯಾಗಿ ಆಗ್ನೇಯಕ್ಕೆ ಬಂತು.

ಹಾಲು ಉಕ್ಕಿಸುವ ದಿನ ಮೇಸ್ತ್ರಿಯನ್ನೂ ಕರೆದಿದ್ದೆವು. ಬಿಳಿ ಅಂಗಿ ಹಾಕಿಕೊಂಡು ಬಂದರು. ಊಟಕ್ಕೆ ಮುಂಚೆ ಒಂದು ಸುತ್ತು ಒಳಗೆಲ್ಲ ಓಡಾಡಿ, ಕೈ ಬೆರಳಿನ ಗಿಣ್ಣಿನಿಂದ ಅಲ್ಲಲ್ಲಿ ಬಡಿದು ನೋಡಿ, ಹಾಲಿನಲ್ಲಿ ಆ ಪಿಲ್ಲರ್ ಹತ್ತಿರ ನಿಂತರು. ಬಣ್ಣ ಹಚ್ಚಿದವರು ಒರೆಸದೆ ಹಚ್ಚಿದ್ದರಿಂದಲೋ ಏನೋ, ಒಂದು ಕಡೆಯಿಂದ ನೋಡಿದರೆ ನನ್ನ ಇಂಟು ಮಾರ್ಕು ಇನ್ನೂ ಬಣ್ಣದ ಕೆಳಗೆ ಮಸುಕಾಗಿ ಕಾಣುತ್ತಿತ್ತು.

"ಈಗ ಓಡಲ್ವಲ್ಲ ಸಾರ್" ಅಂದರು. "ಬೇಕಾದ್ರೆ ಈಗ ಕುಯ್ಕೋಬೋದು. ನಾನೇ ಬಂದು ಕುಯ್ದು ಕೊಡ್ತೀನಿ. ದೊಡ್ಡ ಗಾಜು ಹಾಕ್ಸಿ."

ನಾನು ಭಾವನ ಮುಖ ನೋಡಿದೆ. ಭಾವ ಪಿಲ್ಲರ್ ನೋಡುತ್ತಿದ್ದರು. ಅಡುಗೆ ಕಟ್ಟೆಯ ಹತ್ತಿರ ಪಾಯಸ ಬಡಿಸುತ್ತಿದ್ದ ಅಕ್ಕ ತಿರುಗಿ ಕೂಡ ನೋಡಲಿಲ್ಲ.

"ಅದನ್ನ ಕುಯ್ದ್ರೆ ಕ್ಯಾಲೆಂಡರ್ ಎಲ್ಲಿ ಹಾಕೋದು?" ಅಂದಳು.